ಅಮ್ಮನ ಟ್ಯಾಂಕ್ ಆಟ

ಹಳೇ ಟಿವಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟವನು ನಾನು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಇಪ್ಪತ್ತೊಂದು ಇಂಚಿನ ಆ ಡಬ್ಬ ಹದಿನೈದು ವರ್ಷ ದುಡಿದಿತ್ತು, ಬಲಮೂಲೆಯಲ್ಲಿ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು, ದಸರಾ ಆಫರಿನಲ್ಲಿ ಮೂವತ್ತೆರಡು ಇಂಚಿನ ಎಲ್‌ಸಿಡಿ ಬರುತ್ತಿತ್ತು. ಇದರಲ್ಲಿ ಕೇಳುವುದೇನಿದೆ? 2009ರಲ್ಲಿ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಅಂಥ ಟಿವಿ ಇನ್ನೊಂದೇ ಮನೆಯಲ್ಲಿ ಇದ್ದದ್ದು, ಅದೂ ನಮ್ಮದಕ್ಕಿಂತ ಚಿಕ್ಕದು. ನಾನು ಒಂದು ವಾರ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಹಬ್ಬ ಮುಗಿದು ಎರಡು ವಾರ ಕಳೆದ ಮೇಲೆ ಒಂದು ಗುರುವಾರ, ನಾನು ಗೌರಿಬಿದನೂರಿನ ಕಾಲೇಜು ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗ, ಅಮ್ಮ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯನ್ನು ಎಳೆದುಕೊಂಡು ಟಿವಿ ಮುಂದೆ ಕೂತಿದ್ದಳು. ಪೆಟ್ಟಿಗೆಯಲ್ಲಿ ವಿಡಿಯೋ ಗೇಮ್ ಇತ್ತು. ಬೂದು ಬಣ್ಣದ ಡಬ್ಬ, ಬಟನ್ ಒತ್ತಿ ಆಡುವ ಎರಡು ರಿಮೋಟು, ಮೇಲೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು.

"ಭಾನುವಾರ ಹರಿಣಿ ಬರ್ತಾಳೆ ಕಣಪ್ಪ. ಅಷ್ಟರಲ್ಲಿ ಇದನ್ನ ಹೊಸ ಟಿವಿಗೆ ಹಾಕ್ಕೊಡು" ಅಂದಳು.

"ಇಪ್ಪತ್ತೆಂಟು ವರ್ಷದ ಹೆಂಗಸು ಜಂಗಮಕೋಟೆಯಿಂದ ಬಸ್ ಹತ್ತಿ ಬರೋದು ಟ್ಯಾಂಕ್ ಆಟ ಆಡೋಕಾ?"

"ಅವಳಿಗೆ ಏನೋ ಆಗೈತೆ ಮೂರ್ತಿ. ಹಬ್ಬಕ್ಕೂ ಬರಲಿಲ್ಲ. ಫೋನ್ ಮಾಡಿದ್ರೆ ಚೆನ್ನಾಗಿದೀನಮ್ಮ ಅಂತಾಳೆ. ಆ ಚೆನ್ನಾಗಿದೀನಿ ಸರಿಯಿಲ್ಲ."

"ಹಂಗಾದ್ರೆ ಬಂದಾಗ ಎದುರಿಗೆ ಕೂರಿಸ್ಕೊಂಡು ಕೇಳು."

"ಮುಖ ನೋಡಿ ಕೇಳಿದ್ರೆ ಹೇಳೋಳಲ್ಲ ಅವಳು. ನಿಂಗೊತ್ತಿಲ್ವಾ? ಆಟಕ್ಕೆ ಕೂತರೆ ಹೇಳ್ತಾಳೆ."

ಗೊತ್ತಿತ್ತು. ನನ್ನ ತಂಗಿ ಹರಿಣಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕಾಮಾಲೆಯಾಗಿ ಎರಡು ತಿಂಗಳು ಮನೆಯಲ್ಲೇ ಮಲಗಿದ್ದಳು. ಅಪ್ಪ ಬೆಂಗಳೂರಿಗೆ ಹೋದವರು ಈ ಡಬ್ಬ ತಂದುಕೊಟ್ಟರು. ಅದರಲ್ಲಿದ್ದದ್ದು ಇಬ್ಬರು ಸೇರಿ ಆಡುವ ಆಟ. ಕೆಳಗಡೆ ಇಟ್ಟಿಗೆಯ ಪುಟ್ಟ ಕೋಟೆ, ಮೇಲಿನಿಂದ ಶತ್ರು ಟ್ಯಾಂಕುಗಳು ಬರುತ್ತವೆ, ನಮ್ಮ ಎರಡು ಟ್ಯಾಂಕು ಅವನ್ನು ಹೊಡೆಯಬೇಕು. ನಾನು ಎಂಎಸ್ಸಿ ಓದುತ್ತಾ ಹಾಸ್ಟೆಲಿನಲ್ಲಿದ್ದೆ. ಜೊತೆಗೆ ಆಡಲು ಬೇರೆ ಯಾರೂ ಸಿಗದೆ ಹರಿಣಿ ಅಮ್ಮನ ಕೈಗೆ ಎರಡನೇ ರಿಮೋಟು ಕೊಟ್ಟಳು. ರೇಡಿಯೋ ಸ್ಟೇಷನ್ ತಿರುಗಿಸಲೂ ಅಪ್ಪನನ್ನು ಕರೆಯುತ್ತಿದ್ದ ಅಮ್ಮ ಒಂದೇ ತಿಂಗಳಲ್ಲಿ ಅವಳನ್ನೇ ಮೀರಿಸಿದಳು.

ಆಮೇಲೆ ಈ ಮನೆಯ ದೊಡ್ಡ ಸುದ್ದಿಗಳೆಲ್ಲ ಅಲ್ಲೇ ಹೊರಬಿದ್ದವು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದದ್ದನ್ನು ಹರಿಣಿ ಟ್ಯಾಂಕು ಹೊಡೆಯುತ್ತಾ ಹೇಳಿದಳು. ಹಿಂದೂಪುರದಿಂದ ನೋಡಲು ಬಂದಿದ್ದ ಹುಡುಗ ಬೇಡ ಅಂದದ್ದೂ ಹಾಗೇ. ಮುನೇಶನನ್ನು ಮದುವೆಯಾಗುತ್ತೇನೆ ಅಂದದ್ದೂ ಹಾಗೇ, ಕಣ್ಣು ಪರದೆಯ ಮೇಲಿಟ್ಟುಕೊಂಡು. ಎದುರುಬದುರು ಕೂತರೆ ತಾಯಿ ಮಗಳು ಸಾರು, ಹಾಲು, ಬಸ್ಸು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಮದುವೆಯಾದ ಮೇಲೂ ಹರಿಣಿ ಬಂದಾಗಲೆಲ್ಲ ಊಟ ಮುಗಿಸಿ ಇಬ್ಬರೂ ಒಂದಷ್ಟು ಹೊತ್ತು ಆಡುತ್ತಿದ್ದರು. ಟಿವಿ ಕೊಡುವಾಗ ಇದೊಂದೂ ನನ್ನ ತಲೆಗೆ ಬರಲಿಲ್ಲ. ತಪ್ಪು ನನ್ನದೇ ಅಂತ ಗೊತ್ತಿದ್ದರಿಂದ ಸಿಟ್ಟು ಇನ್ನೂ ಜಾಸ್ತಿ ಬಂತು.

"ಐದು ನಿಮಿಷದ ಕೆಲಸ, ಇರು" ಅಂದೆ. ಹದಿಮೂರು ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವನು ನಾನು.

ಹಳೇ ಟಿವಿಗೆ ಈ ಡಬ್ಬವನ್ನು ಆಂಟೆನಾ ತೂತಿಗೆ ಹಾಕುತ್ತಿದ್ದೆವು. ಹೊಸದಕ್ಕೂ ಹಾಗೇ ಹಾಕಿ ಚಾನೆಲ್ ಹುಡುಕುವ ಆಟೋ ಟ್ಯೂನಿಂಗ್ ಒತ್ತಿದೆ. ಟಿವಿ ಕಾಲು ಗಂಟೆ ಹುಡುಕಿತು. ಆಟ ಸಿಗಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಇದ್ದ ಕೇಬಲ್ ಚಾನೆಲ್ಲುಗಳೆಲ್ಲ ಅಳಿಸಿಹೋದವು. ಏಳೂವರೆಯ ಧಾರಾವಾಹಿಗೆ ಕೈ ಒರೆಸಿಕೊಂಡು ಬಂದ ನನ್ನ ಹೆಂಡತಿ ಅಮೃತ ನೀಲಿ ಪರದೆ ನೋಡಿ ನನಗೆ ಸರಿಯಾಗಿ ಮಂಗಳಾರತಿ ಎತ್ತಿದಳು. ಕೇಬಲ್ಲನ್ನು ಮತ್ತೆ ಸಿಕ್ಕಿಸಿ ಚಾನೆಲ್ ಹುಡುಕಿಸಿಕೊಡುವ ಹೊತ್ತಿಗೆ ಧಾರಾವಾಹಿ ಮುಗಿದಿತ್ತು.

ಶುಕ್ರವಾರ ಬೇರೆ ದಾರಿ ಹಿಡಿದೆ. ಡಬ್ಬದ ಪಕ್ಕದಲ್ಲಿ ಹಳದಿ ಮತ್ತು ಬಿಳಿ ಪಿನ್ನಿನ ವೈರಿಗೂ ಜಾಗವಿತ್ತು. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಶಬ್ದ. ಟಿವಿಯ ಹಿಂದೆಯೂ ಅದೇ ಬಣ್ಣದ ತೂತುಗಳಿರುತ್ತವೆ, ಹಳದಿಗೆ ಹಳದಿ, ಬಿಳಿಗೆ ಬಿಳಿ. ಎಲ್ಕೇಜಿ ಮಗುವೂ ಮಾಡಬಹುದು. ಟಿವಿ ಗೋಡೆಗೆ ಅಂಟಿಕೊಂಡ ಹಾಗೆ ಮೇಜಿನ ಮೇಲಿತ್ತು. ಅದನ್ನು ಎಳೆಯುವ ಗೋಜಿಗೆ ಹೋಗದೆ ಹಿಂದೆ ಕೈ ತೂರಿಸಿ, ತಡವಿ ತಡವಿ ಪಿನ್ನು ಒತ್ತಿದೆ. ಸ್ವಲ್ಪ ಬಿಗಿಯಾಗಿತ್ತು, ಪೂರ್ತಿ ಒಳಗೆ ಹೋಗಲಿಲ್ಲ. ಹೊಸ ಟಿವಿಯ ಅಳತೆಯೇ ಬೇರೆ ಅಂದುಕೊಂಡೆ. ಟಿವಿ ರಿಮೋಟಿನಲ್ಲಿ ಸೋರ್ಸ್ ಒತ್ತಿ, ಎವಿ ಆರಿಸಿ, ಡಬ್ಬದ ಸ್ವಿಚ್ ಹಾಕಿದೆ. ಪರದೆ ನೀಲಿಯಾಗೇ ಇತ್ತು. ಕ್ಯಾಸೆಟ್ಟು ತೆಗೆದು ಊದಿದೆ, ಮತ್ತೆ ಹಾಕಿದೆ. ನೀಲಿ. ಡಬ್ಬದ ತಲೆಗೆ ಎರಡು ತಟ್ಟಿದೆ. ನೀಲಿ.

ಆಗ ಅಮ್ಮನಿಗೆ ಪಾಠ ಕೊರೆದೆ. ಹಳೇ ಟಿವಿ ಚಿತ್ರ ಬಿಡಿಸುತ್ತಿದ್ದ ರೀತಿಯೇ ಬೇರೆ, ಇದು ಬಿಡಿಸುವ ರೀತಿಯೇ ಬೇರೆ, ಹದಿನಾಲ್ಕು ವರ್ಷದ ಡಬ್ಬ ಕಳಿಸುವ ಸಿಗ್ನಲ್ ಇದಕ್ಕೆ ಅರ್ಥವಾಗುವುದಿಲ್ಲ, ಯಾರು ಬಂದರೂ ಆಗುವುದಿಲ್ಲ. ಹತ್ತು ನಿಮಿಷ ಹೇಳಿದೆ. ಅಮ್ಮ ತಲೆಯಾಡಿಸುತ್ತಾ ಪೂರ್ತಿ ಕೇಳಿದಳು.

"ರೀ, ನನ್ನ ಕೈಲಿ ಆಗಲ್ಲ ಅನ್ನಿ ಸಾಕು. ಪಾಪ, ಟಿವಿ ಮೇಲೆ ಯಾಕೆ ಹಾಕ್ತೀರಾ?" ಅಂತ ಅಡುಗೆಮನೆಯಿಂದ ಅಮೃತ.

ಅಮ್ಮ ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ಹಾಕಿದಳು. ಅವಳು ಜಗಳವಾಡಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತೇನೋ.

ಶನಿವಾರ ಅರ್ಧ ದಿನದ ಕಾಲೇಜು. ಮಧ್ಯಾಹ್ನ ಬಂದು ನೋಡಿದರೆ ಟಿವಿ ಮೇಜು ಗೋಡೆ ಬಿಟ್ಟು ಮಾರು ದೂರ ಬಂದಿದೆ, ಅದರ ಹಿಂದೆ ಗೌಸ್ ಪೀರ್ ಮಂಡಿಯೂರಿ ಕೂತು ಟಾರ್ಚ್ ಬಿಡುತ್ತಿದ್ದಾನೆ. ಬಸ್ ಸ್ಟ್ಯಾಂಡ್ ಹತ್ತಿರ ಅವನ ರಿಪೇರಿ ಅಂಗಡಿ. ಅಮ್ಮ ಬೆಳಗ್ಗೆ ಡಬ್ಬವನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗಿದ್ದಳಂತೆ.

"ನಮಸ್ಕಾರ ಸಾರ್. ನಿಮ್ಮ ಡಬ್ಬ ಏ ಒನ್ ಇದೆ. ನಮ್ಮ ಅಂಗಡಿಯಲ್ಲಿ ಇಂಥದೇ ಎಲ್‌ಸಿಡಿ ರಿಪೇರಿಗೆ ಬಂದಿತ್ತು, ಅದಕ್ಕೆ ಹಾಕಿದೆ, ಫಸ್ಟ್ ಕ್ಲಾಸ್ ಬಂತು. ಅಮ್ಮಾವ್ರು ಅಲ್ಲೇ ಎರಡು ಸ್ಟೇಜ್ ಆಡಿದ್ರು" ಅಂದ.

ಹಿಂದಿನ ದಿನದ ನನ್ನ ಹತ್ತು ನಿಮಿಷದ ಪಾಠ ಅಲ್ಲಿಗೆ ಮಣ್ಣುಪಾಲಾಯಿತು. "ಹಂಗಾದ್ರೆ ನಮ್ಮ ಟಿವೀದೇ ಡಿಫೆಕ್ಟು. ಈಗಲೇ ಶೋರೂಮಿಗೆ ಫೋನ್ ಮಾಡಿ ಗ್ರಹಚಾರ ಬಿಡಿಸ್ತೀನಿ" ಅಂತ ಮೊಬೈಲು ತೆಗೆದೆ.

"ಸ್ವಲ್ಪ ನಿಲ್ಲಿ ಸಾರ್. ಇಲ್ಲಿ ಬಂದು ನೋಡಿ."

ಬಗ್ಗಿ ನೋಡಿದೆ. ಟಿವಿಯ ಬೆನ್ನಿನಲ್ಲಿ ಸಾಲಾಗಿ ಮೂರು ತೂತು, ಒಂದರ ಸುತ್ತ ಹಳದಿ, ಒಂದರ ಸುತ್ತ ಬಿಳಿ, ಒಂದರ ಸುತ್ತ ಕೆಂಪು ಬಳೆ. ಹಳದಿ ಬಳೆಯ ಒಳಗೆ ಅರಿಶಿನ ಮೆತ್ತಿತ್ತು. ಬಿಳಿಯದರಲ್ಲಿ ವಿಭೂತಿ. ಕೆಂಪಿನದರಲ್ಲಿ ಕುಂಕುಮ. ಮೂರೂ ಒಣಗಿ ಗಾರೆಯ ಹಾಗೆ ಗಟ್ಟಿಯಾಗಿದ್ದವು. ಹಳದಿಯ ಮೇಲೆ ನಾನು ಒತ್ತಿದ ಪಿನ್ನಿನ ಗುರುತೂ ಇತ್ತು.

"ಅಮ್ಮಾ! ಏನಿದು?"

"ಆಯುಧಪೂಜೆ ದಿನ ನಾನೇ ಇಟ್ಟಿದ್ದು" ಅಂದಳು ಅಮ್ಮ, ಒಂದಿಷ್ಟೂ ಅಳುಕಿಲ್ಲದೆ. "ಮುಂದುಗಡೆ ಗಾಜು ಮುಟ್ಟಬೇಡ, ಕಲೆಯಾಗುತ್ತೆ ಅಂತ ನೀನೇ ಕೂಗಾಡಿದ್ದೆ. ಹೊಸ ವಸ್ತು, ಪೂಜೆ ಇಲ್ಲದೆ ಬಿಡೋಕಾಗುತ್ತಾ? ಹಿಂದೆ ನೋಡಿದೆ. ಅರಿಶಿನಕ್ಕೆ ಒಂದು, ವಿಭೂತಿಗೆ ಒಂದು, ಕುಂಕುಮಕ್ಕೆ ಒಂದು, ಬಣ್ಣ ಹಾಕಿ ಕಂಪನಿಯೋರೇ ಜಾಗ ಮಾಡಿಟ್ಟಿದ್ರು. ಎಷ್ಟು ತಿಳಿದೋರಪ್ಪ ಅಂದ್ಕೊಂಡೆ."

ಗೌಸ್ ಪೀರ್ ಟಾರ್ಚನ್ನು ನೆಲದ ಮೇಲಿಟ್ಟು ತಲೆ ಬಗ್ಗಿಸಿಕೊಂಡ. ಭುಜ ಕುಣಿಯುತ್ತಿತ್ತು. ಅಮೃತ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

"ಬೈಬೇಡಿ ಸಾರ್. ನೋಡಿದ್ರೆ ನಂಗೂ ಹಂಗೇ ಅನ್ಸುತ್ತೆ" ಅಂದ ಗೌಸ್ ಪೀರ್, ಕಣ್ಣೊರೆಸಿಕೊಂಡು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹಲ್ಲಿನ ಡಾಕ್ಟರ ತಾಳ್ಮೆಯಿಂದ ಒಂದೊಂದೇ ತೂತನ್ನು ಕೆರೆದು ತೆಗೆದ. ಅರ್ಧ ಗಂಟೆ ಹಿಡಿಯಿತು. ಆಮೇಲೆ ಪಿನ್ನುಗಳು ಟಕ್ಕೆಂದು ಕೂತವು. ಸ್ವಿಚ್ ಹಾಕಿದರೆ ಮೂವತ್ತೆರಡು ಇಂಚಿನ ತುಂಬ ಇಟ್ಟಿಗೆ ಗೋಡೆ. ಚಿತ್ರ ಅಡ್ಡಕ್ಕೆ ಎಳೆದ ಹಾಗಿತ್ತು, ಟ್ಯಾಂಕುಗಳು ಊದಿಕೊಂಡಿದ್ದವು, ಆದರೂ ಇತ್ತು. "ವಚ್ಚಿಂದಿ ರಾ!", ಬಂತು ಕಣೋ ಅಂತ, ಅಮ್ಮನ ಬಾಯಿಂದ ತೆಲುಗು ಹೊರಟಿತು. ತೀರಾ ಖುಷಿಯಾದಾಗ ಅವಳಿಗೆ ತವರಿನ ಮಾತು ಬರುತ್ತದೆ. ಗೌಸ್ ಪೀರ್ ಟೀ ಕುಡಿದು ಹೋದ.

ಭಾನುವಾರ ಹನ್ನೊಂದಕ್ಕೆ ಹರಿಣಿ ಬಂದಳು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಇಳಿದುಹೋಗಿದೀಯಲ್ಲ ಅಂದರೆ "ಬಿಸಿಲು ಅಣ್ಣ" ಅಂದಳು. ಊಟಕ್ಕೆ ಕೂತಾಗ ಅಮ್ಮ ಸಾರಿನ ಮಾತಾಡಿದಳು, ಹರಿಣಿ ಬಸ್ಸಿನ ಮಾತಾಡಿದಳು. ಊಟವಾದ ಮೇಲೆ ಅಮ್ಮ ಚಾಪೆ ಹಾಸಿ ಎರಡೂ ರಿಮೋಟನ್ನು ಅದರ ಮೇಲಿಟ್ಟಳು. ಹರಿಣಿ ಅದನ್ನು ನೋಡಿ ಸ್ವಲ್ಪ ಹೊತ್ತು ನಿಂತೇ ಇದ್ದಳು, ಆಮೇಲೆ ಕೂತಳು.

ಎರಡು ನಿಮಿಷಕ್ಕೆ ಪರದೆ ಮತ್ತೆ ನೀಲಿಯಾಯಿತು. ಡಬ್ಬಕ್ಕೆ ಕರೆಂಟು ಕೊಡುವ ಅಡಾಪ್ಟರಿನ ಪಿನ್ನು ಸಡಿಲವಾಗಿತ್ತು. ಚೀಲದಲ್ಲಿ ಹೊತ್ತು ತರುವಾಗ ಎಲ್ಲೋ ಬಗ್ಗಿರಬೇಕು. ಒಂದು ಕೈಯಲ್ಲಿ ಡಬ್ಬ ಅದುಮಿ ಇನ್ನೊಂದು ಕೈಯಲ್ಲಿ ಪಿನ್ನನ್ನು ಓರೆಯಾಗಿ ಒತ್ತಿ ಹಿಡಿದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. "ಹಂಗೇ ಹಿಡ್ಕೊಂಡಿರು ಮೂರ್ತಿ" ಅಂದಳು ಅಮ್ಮ. ಟಿವಿ ಮೇಜಿನ ಪಕ್ಕ, ಅವರಿಗೆ ಬೆನ್ನು ಹಾಕಿ, ಗೋಡೆ ನೋಡಿಕೊಂಡು ಕೂತೆ. ಅಮೃತ ಒಳಗೆ ಮಲಗಿದ್ದಳು.

ಮೊದಲ ಸ್ಟೇಜ್ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದು ಶುರುವಾಯಿತು.

"ಎಡಗಡೆ ನೀನು ನೋಡ್ಕೋ ಅಮ್ಮ."

"ನೋಡ್ಕೊಂಡಿದೀನಿ."

"ಜೂನಲ್ಲಿ ಮುಟ್ಟು ನಿಂತಿತ್ತಮ್ಮ. ಮೂರು ತಿಂಗಳಾಗೋದ್ರಲ್ಲಿತ್ತು. ಹೋಯ್ತು."

ಗುಂಡಿನ ಶಬ್ದ ನಿಲ್ಲಲಿಲ್ಲ. "ಯಾವಾಗ?" ಅಂದಳು ಅಮ್ಮ.

"ಗೌರಿ ಹಬ್ಬದ ವಾರ. ಮುನೇಶ್ ಶಿಡ್ಲಘಟ್ಟದ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಅತ್ತೆಗೆ ಹೇಳಿಲ್ಲ. ರೇಷ್ಮೆ ಹುಳ ಗೂಡು ಕಟ್ಟೋ ಟೈಮು, ಮನೇಲಿ ಯಾರಿಗೂ ಕೂರೋಕೂ ಪುರುಸೊತ್ತಿರಲಿಲ್ಲ. ಮಾರನೇ ದಿನ ನಾನೂ ಕೆಲಸಕ್ಕೆ ನಿಂತೆ. ಅದರ ಹಿಂದಿನ ವಾರ ಸೊಪ್ಪಿನ ಮೂಟೆ ಎತ್ತಿದ್ದೆ ಅಮ್ಮ. ಬೇಡ ಅಂದ್ರೂ ಎತ್ತಿದ್ದೆ. ಅದಕ್ಕೇ ಹೋಯ್ತು."

"ಮೂಟೆಯಿಂದ ಅಲ್ಲ ಕಣೇ."

"ನಿಂಗೇನು ಗೊತ್ತು?"

"ನಾನು ಯಾವ ಮೂಟೇನೂ ಎತ್ತಿರಲಿಲ್ಲ. ನಂಗೂ ಹೋಗಿತ್ತು. ಮೂರ್ತಿಗಿಂತ ಮುಂಚೆ."

ನನ್ನ ಕೈ ಅಲ್ಲಾಡಿತು. ಪಕ್ಕದಲ್ಲಿ ಆಟದ ಶಬ್ದ ಒಂದು ಕ್ಷಣ ಕೆಟ್ಟಿತು. "ಅಲ್ಲಾಡಿಸಬೇಡ" ಅಂದಳು ಅಮ್ಮ, ಉಪ್ಪು ಕೊಡು ಅನ್ನುವ ಧ್ವನಿಯಲ್ಲಿ. ಪಿನ್ನನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ನಾನು ಚೊಚ್ಚಲ ಮಗ ಅಂತ ಮೂವತ್ತೇಳು ವರ್ಷ ನಂಬಿಕೊಂಡಿದ್ದೆ. ಚೊಚ್ಚಲ ಮಗನಿಗೆ ಆಗಿಬರುವುದಿಲ್ಲ ಅಂತ ಜ್ಯೇಷ್ಠ ಮಾಸ ದಾಟಿಸಿ ನನ್ನ ಮದುವೆ ಮಾಡಿದ್ದರು.

"ನಮಗ್ಯಾರಿಗೂ ಹೇಳೇ ಇಲ್ವಲ್ಲಮ್ಮ" ಅಂದಳು ಹರಿಣಿ.

"ನಿಮ್ಮಪ್ಪನಿಗೂ ಸರಿಯಾಗಿ ಹೇಳಲಿಲ್ಲ. ನಮ್ಮಮ್ಮನಿಗೂ ಹೇಳಲಿಲ್ಲ. ಹೆಂಗೆ ಹೇಳಲಿ? ಮುಖ ನೋಡಿದ್ರೆ ಮಾತೇ ಬರ್ತಿರಲಿಲ್ಲ. ಆಗ ಇಂಥ ಆಟ ಎಲ್ಲಿತ್ತು? ಯಾರ ಪಕ್ಕ ಕೂತ್ಕೊಂಡು ಹೇಳಲಿ?"

ಹರಿಣಿ ಅಳತೊಡಗಿದಳು. ಜೋರಾಗಿ, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ. ಆದರೆ ಬಟನ್ನುಗಳ ಸದ್ದು ನಿಲ್ಲಲಿಲ್ಲ, ಎರಡೂ ರಿಮೋಟಿನದು. "ಅಳು. ಅತ್ತು ಮುಗಿಸು. ಕೋಟೆ ನಾನು ನೋಡ್ಕೊಳ್ತೀನಿ" ಅಂದಳು ಅಮ್ಮ.

ನನಗೂ ಅಳು ಬಂತು. ಹಿಂದಿರುಗಿ ನೋಡಬೇಕು, ಏನಾದರೂ ಹೇಳಬೇಕು ಅನ್ನಿಸಿತು. ಎದ್ದರೆ ಆಟ ಹೋಗುತ್ತಿತ್ತು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ಗೋಡೆ ನೋಡಿಕೊಂಡು, ಪಿನ್ನು ಒತ್ತಿಕೊಂಡು ಹಾಗೇ ಕೂತಿದ್ದೆ.