ಮಲ್ಲಕ್ಕನ ಶೀಕರಣಿ

ಮದುವೆಯಾದ ಮೊದಲ ಬೇಸಿಗೆಯಲ್ಲಿ ಮಗಳು-ಅಳಿಯನನ್ನು ಹಣ್ಣಿಗೆ ಕರೆಯಬೇಕು. ಹಣ್ಣು ಅಂದರೆ ಮಾವಿನಹಣ್ಣು, ಮತ್ತೆ ಯಾವುದೂ ಅಲ್ಲ. ರಸ ಹಿಂಡಿ, ಹಾಲು ಸಕ್ಕರೆ ಏಲಕ್ಕಿ ಹಾಕಿ ಶೀಕರಣಿ ಮಾಡಬೇಕು, ಜೊತೆಗೆ ಹೋಳಿಗೆ. ಅಳಿಯ 'ಸಾಕ್ರಿ, ಸಾಕ್ರಿ' ಅಂತ ಬಟ್ಟಲಿಗೆ ಕೈ ಅಡ್ಡ ಹಿಡಿದರೂ ಬಿಡದೆ ಬಡಿಸಬೇಕು. ಕಡೆಗೆ ಅವನು ಗೋಡೆ ಹಿಡಿದುಕೊಂಡು ಏಳಬೇಕು. ವಿಜಯಪುರದ ಕಡೆಯವರಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ಮುಂಬಯಿಗೆ ಬಂದು ಆಂಟಾಪ್ ಹಿಲ್‌ನ ಒಂದೇ ಕೋಣೆಯ ಖೋಲಿಯಲ್ಲಿ ಸಂಸಾರ ಹೂಡಿದರೂ ಅವರು ಬಿಡುವುದಿಲ್ಲ.

ಈ ವರ್ಷ ಆ ಪಾಳಿ ಮಲ್ಲಕ್ಕನದು. ಒಬ್ಬಳೇ ಮಗಳು ನಾಗರತ್ನಾಳನ್ನು ಚಳಿಗಾಲದಲ್ಲಿ ಮದುವೆ ಮಾಡಿ ಚೆಂಬೂರಿಗೆ ಕಳಿಸಿದ್ದಳು. ಅಳಿಯ ಸುಭಾಷನಿಗೆ ರಿಫೈನರಿ ಬದಿಯ ಒಂದು ಕಂಪನಿಯಲ್ಲಿ ತಿಂಗಳ ಪಗಾರದ ನೌಕರಿ. ಹುಡುಗ ಒಳ್ಳೆಯವನು, ಮಾತು ಮಾತ್ರ ಕಡಿಮೆ. ಅವನು ಆಡದೆ ಬಿಟ್ಟಿದ್ದನ್ನೆಲ್ಲ ಅವನ ಅಕ್ಕ ರಾಚವ್ವ ಆಡುತ್ತಿದ್ದಳು. ಆಕೆಯ ಮನೆಯೂ ಅದೇ ಬಿಲ್ಡಿಂಗಿನಲ್ಲಿ, ಕೆಳಗಿನ ಮಾಳಿಗೆಯಲ್ಲಿ. ನಾಗರತ್ನಾ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ "ಏನವಾ, ನಿಮ್ಮವ್ವ ಹಣ್ಣಿಗೆ ಕರದಳೇನು? ಇಲ್ಲಾ ಮುಂದಿನ ವರ್ಷಕ್ಕ ಇಟ್ಟಾಳೋ?" ಅಂತ ಕೇಳುತ್ತಿದ್ದಳಂತೆ.

ನಾಗರತ್ನಾ ಇದನ್ನು ಫೋನಿನಲ್ಲಿ ನಗುತ್ತಲೇ ಹೇಳಿದಳು. ಮಲ್ಲಕ್ಕನಿಗೆ ಎಲ್ಲಿಯ ನಗು! ಊಟ ಮುಗಿಸಿ ಅಳಿಯ ಚೆಂಬೂರು ಮುಟ್ಟಿದ ಕೂಡಲೇ ಆ ಹೆಂಗಸು ಕೇಳುವ ಮೊದಲ ಮಾತು 'ಹೆಂಗಿತ್ತೋ ಊಟ?' ಅಂತ. ಅದಕ್ಕೆ ಸುಭಾಷ ಏನು ಹೇಳುತ್ತಾನೋ ಅದರ ಮೇಲೆ ತನ್ನ ಮಗಳು ಆ ಮೆಟ್ಟಿಲಲ್ಲಿ ತಲೆ ಎತ್ತಿ ಇಳಿಯುವುದೋ ತಗ್ಗಿಸಿ ಇಳಿಯುವುದೋ ನಿಂತಿತ್ತು. ಮಲ್ಲಕ್ಕನಿಗೆ ಆ ಬೇಸಿಗೆಯಲ್ಲಿ ಬೇರೆ ಚಿಂತೆಯೇ ಇರಲಿಲ್ಲ.

ಆದರೆ ಮದುವೆ ಎರಡೂ ಕೈ ಬರಿದು ಮಾಡಿತ್ತು. ಗಂಡ ಶಾಂತಪ್ಪ ಹೊಸ ಬಿಲ್ಡಿಂಗುಗಳಲ್ಲಿ ನೆಲಕ್ಕೆ ಫರ್ಶಿ ಕೂರಿಸುವವನು. ಅವಳು ವಡಾಲಾದ ಮನೆಗಳಲ್ಲಿ ಚಪಾತಿ ಮಾಡುವವಳು. ಆಪೂಸಿನ ಪೆಟ್ಟಿಗೆಯ ಕಡೆ ಕಣ್ಣೆತ್ತಿ ನೋಡುವ ಹಾಗಿರಲಿಲ್ಲ. ಅದಕ್ಕಿಂತ ಅಗ್ಗದ ಪಾಯರಿ ಹಣ್ಣಿನ ಬೆಲೆ ಇಳಿಯಲಿ ಅಂತ ಅವಳು ಕಾದಳು. ಕಾಯುವಾಗ ಸುಮ್ಮನೆ ಕೂರಲಿಲ್ಲ, ಬೇಸಿಗೆಯ ಸಣ್ಣಪುಟ್ಟ ಖರ್ಚುಗಳ ಕುತ್ತಿಗೆ ಒಂದೊಂದಾಗಿ ಹಿಚುಕಿದಳು. ಕುಲ್ಫಿ ಬಂದ್, ಬಾಟಲಿಯ ತಂಪು ನೀರು ಬಂದ್. ಭಾಜಿ ಮಾರುವವಳು ಬುಟ್ಟಿಯ ತಳದಿಂದ ಅಗ್ಗಕ್ಕೆ ಹಾಕಿದ ಬಿದ್ದ ಮಾವಿನಕಾಯಿ ಬೇಯಿಸಿ ಪನ್ನಾ ಮಾಡಿದಳು, ಮಜ್ಜಿಗೆಗೆ ಹಸಿಶುಂಠಿ ಜಜ್ಜಿ ಹಾಕಿದಳು. ಪಾಪ, ಶಾಂತಪ್ಪನಿಗೆ ವರ್ಷಕ್ಕೊಂದು ಚೌಪಾಟಿ ಇತ್ತು. ಮೇ ತಿಂಗಳ ಒಂದು ರವಿವಾರ ಸಮುದ್ರದ ದಂಡೆಯಲ್ಲಿ ಭೇಲ್ ತಿಂದು, ಬಣ್ಣದ ಬರ್ಫದ ಗೋಳಾ ಚೀಪಿ, ಕೆಂಪು ನಾಲಿಗೆ ತೋರಿಸುತ್ತ ಮನೆಗೆ ಬರುವುದು. ಅದಕ್ಕೂ ಕತ್ತರಿ ಬಿತ್ತು.

ಅದರ ಬದಲು ಮಲ್ಲಕ್ಕ ಅವನನ್ನು ಮಾಟುಂಗಾದ ಫೈವ್ ಗಾರ್ಡನ್‌ಗೆ ನಡೆಸಿಕೊಂಡು ಹೋದಳು. ಮರದ ಕೆಳಗೆ ಕಟ್ಟೆಯ ಮೇಲೆ ಕೂತು ಮನೆಯಿಂದ ತಂದ ಚುರಮುರಿಗೆ ಉಳ್ಳಾಗಡ್ಡಿ, ಹಸಿಮೆಣಸು, ಎಣ್ಣೆ ಹಚ್ಚಿ ಕಲಸಿದಳು.

"ಸಮುದ್ರ ಎಲ್ಲೈತಿ?" ಅಂದ ಶಾಂತಪ್ಪ.

"ಕಣ್ಣು ಮುಚ್ಚರಿ. ಬಸ್ಸು ಹೋಗೋ ಸಪ್ಪಳ ಕೇಳ್ರಿ. ತೆರಿ ಬಂದಂಗ ಇಲ್ಲೇನು?"

ಶಾಂತಪ್ಪ ಖರೇನೆ ಕಣ್ಣು ಮುಚ್ಚಿದ. "ಹೌದಲ್ಲ," ಅಂದ. ಆಮೇಲೆ ಒಂದು ಕಣ್ಣು ತೆರೆದು, "ಗೋಳಾದ ಸಪ್ಪಳಾ ಯಾವಾಗ ಬರ್ತೈತಿ?" ಅಂದ. ಮಲ್ಲಕ್ಕ ಅವನ ತೊಡೆಗೆ ಒಂದು ಏಟು ಹಾಕಿ, ಚುರಮುರಿಯ ಕಾಗದದ ಪೊಟ್ಟಣ ಕೈಗಿಟ್ಟಳು. ಗಂಡ ಹೆಂಡತಿ ಇಬ್ಬರೂ ಕತ್ತಲಾಗುವ ತನಕ ಅಲ್ಲೇ ಕೂತು, ಮಗಳು ಸಣ್ಣವಳಿದ್ದಾಗಿನ ಸುದ್ದಿ ತೆಗೆದು ತೆಗೆದು ನಕ್ಕರು.

ಬೆಲೆ ಇಳಿಯುವ ಹೊತ್ತಿಗೆ ಮೇ ಮುಗಿಯುತ್ತ ಬಂತು. ಪಕ್ಕದ ಖೋಲಿಯ ರುಕ್ಮಿಣಿಬಾಯಿ ಬಾಗಿಲಲ್ಲಿ ನಿಂತು ಹೆದರಿಸತೊಡಗಿದಳು. "ಮಿರಗದ ಮಳಿ ಬಂತು ನೋಡ ಮಲ್ಲಕ್ಕಾ. ಒಂದ ಮಳಿ ಬಿತ್ತಂದ್ರ ಹಣ್ಣಿನಾಗ ಹುಳ. ಅಳಿಯಗ ಹುಳದ ಶೀಕರಣಿ ಬಡಸ್ತೀಯೇನು?" ಮಲ್ಲಕ್ಕ ಮರುದಿನವೇ ವಾಶಿಯ ಸಗಟು ಮಾರ್ಕೆಟ್ಟಿಗೆ ಲೋಕಲ್ ಹಿಡಿದಳು. ಹಣ್ಣಾದದ್ದು ತುಟ್ಟಿ, ಕಾಯಿ ಅಗ್ಗ. ಕಲ್ಲಿನಂಥ ಪಾಯರಿ ಕಾಯಿಗಳನ್ನು ತಂದಳು, ವ್ಯಾಪಾರಿ ಖಾಲಿ ಪೆಟ್ಟಿಗೆಯಿಂದ ಕೆಳಗೆ ಸುರಿದ ಹುಲ್ಲನ್ನೂ ಗೋಣಿಗೆ ತುಂಬಿಕೊಂಡು ತಂದಳು. ಊರಿನಲ್ಲಿ ಮಾಡುವಂತೆ ಮಂಚದ ಕೆಳಗೆ ಹುಲ್ಲು ಹಾಸಿ, ಕಾಯಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಮುಚ್ಚಿ ಹಣ್ಣಾಗಲು ಅಡಿ ಹಾಕಿದಳು.

ಆಮೇಲೆ ಶುರುವಾಯಿತು ಸಂಭ್ರಮ. ದಿನವೂ ಕೆಲಸದಿಂದ ಬಂದವಳೇ ನೆಲಕ್ಕೆ ಕೆನ್ನೆ ತಾಗಿಸಿ ಮಂಚದ ಕೆಳಗೆ ಕೈ ಹಾಕುವಳು, ಒಂದೊಂದು ಕಾಯಿ ಮುಟ್ಟಿ, ತಿರುವಿ, ಮೆತ್ತಗಾದದ್ದನ್ನು ಮುಂದಕ್ಕೆ ಎಳೆಯುವಳು. ಖೋಲಿ ತುಂಬ ಹಣ್ಣಿನ ವಾಸನೆ. ಶಾಂತಪ್ಪ ಮಂಚದ ಮೇಲೆ ಹೊರಳಾಡುತ್ತ, "ಈ ವಾಸನಿ ಕುಡದ ನಿದ್ದಿ ಹೆಂಗ ಬರಬೇಕು? ಒಂದ ಕೊಡ ಮಾರಾಯ್ತಿ," ಅಂತ ಗೋಗರೆಯುವನು. ಕೊಡುವ ಪೈಕಿಯೇ ಅವಳು? ಅಳಿಯ ಉಂಡು ಏಳುವವರೆಗೆ ಆ ಹುಲ್ಲಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಊಟದ ದಿನಕ್ಕೂ ಗಂಡನಿಗೆ ತಾಕೀತಾಯಿತು: "ನೀವು ಒಂದ ಬಟ್ಟಲಕ್ಕ ಸಾಕ ಅನಬೇಕು. ಸಕ್ಕರಿ ಬ್ಯಾನಿ ಐತಿ ಅಂತ ಹೇಳ್ರಿ. ಅಳಿಯಂದಿರಿಗೆ ಕಡಿಮಿ ಬೀಳಬಾರದು."

"ನನಗೆಲ್ಲಿ ಸಕ್ಕರಿ ಬ್ಯಾನಿ?"

"ಅವತ್ತೊಂದಿನ ಬರಲಿ!"

ರವಿವಾರ ಮಧ್ಯಾಹ್ನ ಅವರು ಬಂದರು. ನಾಗರತ್ನಾ ಹೊಸ ಸೀರೆ ಉಟ್ಟಿದ್ದಳು. ಸುಭಾಷ ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅತ್ತೆಯ ಕಾಲು ಮುಟ್ಟಿದ. ರುಕ್ಮಿಣಿಬಾಯಿ ತನ್ನ ಟೇಬಲ್ ಫ್ಯಾನು ತಂದಿಟ್ಟು, ಅಳಿಯನನ್ನು ತಲೆಯಿಂದ ಕಾಲಿನ ತನಕ ನೋಡಿ ತೃಪ್ತಿಪಟ್ಟು ಹೋದಳು. ಮಾವ ಅಳಿಯ ಎದುರು ಬದುರು ಚಾಪೆಯ ಮೇಲೆ ಕೂತರು, ನಾಗರತ್ನಾ ಗಂಡನ ಮಗ್ಗುಲಿಗೆ. ಬಾಳೆಲೆ, ಹೋಳಿಗೆ, ಅದರ ಮೇಲೆ ತುಪ್ಪ, ಕರಿದ ಸಂಡಿಗೆ, ಪಲ್ಯ, ಕಟ್ಟಿನ ಸಾರು. ನಡುವೆ ಪಾತೇಲಿ ತುಂಬ ಶೀಕರಣಿ, ಅರಿಶಿನ ಕಲಸಿದಂಥ ಬಣ್ಣ. ಮಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೌಟು ಹಿಡಿದಳು. ಬೇಸಿಗೆಯೆಲ್ಲ ಅವಳು ದುಡಿದಿದ್ದು ಈ ಒಂದು ಹೊತ್ತಿಗಾಗಿ.

ಸುಭಾಷ ಮೊದಲನೆಯ ಬಟ್ಟಲನ್ನು ಉಸಿರು ಬಿಡದೆ ಖಾಲಿ ಮಾಡಿದ. ಮಲ್ಲಕ್ಕನ ಮುಖ ಅರಳಿತು. ಸೌಟು ತುಂಬಿ ಮುಂದೆ ಹೋದಳು.

"ಬ್ಯಾಡ್ರಿ ಅತ್ತಿ. ಸಾಕು."

ಅನ್ನಲೇಬೇಕಲ್ಲ, ಅನ್ನುವುದೇ ಪದ್ಧತಿ. "ಸಾಕಂದ್ರ ಹೆಂಗ್ರಿ! ಇನ್ನಾ ಶುರುನೇ ಆಗಿಲ್ಲ," ಅಂತ ಮಲ್ಲಕ್ಕ ಬಗ್ಗಿದಳು. ಸುಭಾಷ ಬಟ್ಟಲಿನ ಮೇಲೆ ಅಂಗೈ ಇಟ್ಟ. ಅದೂ ಪದ್ಧತಿಯೇ. ಅವಳು ನಗುತ್ತ ಅವನ ಬೆರಳ ಸಂದಿಯಲ್ಲಿ ಸೌಟು ತೂರಿಸಲು ಹೋದಳು. ಆಗ ಅವನು ಬಟ್ಟಲನ್ನೇ ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡುಬಿಟ್ಟ. "ಸಚ್ಚಿ, ಬ್ಯಾಡ್ರಿ," ಅಂದ. ಮುಖದಲ್ಲಿ ನಗು ಇರಲಿಲ್ಲ.

ಇದು ಪದ್ಧತಿಯಲ್ಲ. ಮಲ್ಲಕ್ಕ ಸೌಟು ಹಿಡಿದು ಹಾಗೇ ನಿಂತಳು. ಗಂಡನ ಕಡೆ ತಿರುಗಿದಳು.

"ನನಗ ಸಕ್ಕರಿ ಬ್ಯಾನಿ," ಅಂದ ಶಾಂತಪ್ಪ, ಪಾಠ ಒಪ್ಪಿಸುವವನಂತೆ.

ಮಗಳ ಕಡೆ ತಿರುಗಿದಳು. "ಹೊಟ್ಟಿ ತುಂಬೇತವ್ವ," ಅಂದಳು ನಾಗರತ್ನಾ, ಎಲೆ ನೋಡುತ್ತ.

ಪಾತೇಲಿ ಮುಕ್ಕಾಲು ತುಂಬಿಯೇ ಇತ್ತು. ಎದುರು ಬದುರು ಕೂತ ಗಂಡಸರಿಬ್ಬರೂ ಒಮ್ಮೆ ಅದರ ಕಡೆ, ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿದರು. ಮಲ್ಲಕ್ಕ ಸೌಟನ್ನು ಪಾತೇಲಿಯಲ್ಲಿ ಬಿಟ್ಟಳು. ಹಣ್ಣು ಹುಳಿಯಾಗಿದ್ದೀತೇ? ಖೋಲಿಯ ವಾಸನೆ ಹಿಡಿಸಲಿಲ್ಲವೇ? ಮಂಚದ ಕೆಳಗಿನ ಹುಲ್ಲು ಕಂಡು ಹೇಸಿದನೇ? ನಾಳೆ ರಾಚವ್ವ ಕೇಳುತ್ತಾಳೆ, ಇವನು 'ಒಂದ ಬಟ್ಟಲ ಉಂಡು ಎದ್ದೆ' ಅನ್ನುತ್ತಾನೆ. ಮುಗಿದೇ ಹೋಯಿತು. ಅವಳು ಅಡುಗೆಯ ಮೂಲೆಗೆ ಹೋಗಿ ಪರದೆ ಎಳೆದುಕೊಂಡಳು.

ನಾಗರತ್ನಾ ಹಿಂದೆಯೇ ಬಂದಳು. "ಅವ್ವಾ, ಅಳಾಕತ್ತೀಯೇನು? ಕ್ಯಾ ಹುವಾ?"

"ನಿನ್ನ ಗಂಡಗ ನಮ್ಮನಿ ಊಟ ಹಿಡಸಲಿಲ್ಲ ಹೌದಿಲ್ಲೋ? ಇದ್ದದ್ದ ಹೇಳಿಬಿಡು." ಮಲ್ಲಕ್ಕ ಪಿಸುಗುಟ್ಟಿದಳು. ಒಂದೇ ಖೋಲಿಯ ಮನೆಯಲ್ಲಿ ಪಿಸುಮಾತು ಬರೀ ಮರ್ಯಾದೆಗೆ, ಪರದೆಯಾಚೆ ಅಷ್ಟೂ ಕೇಳುತ್ತಿತ್ತು.

"ಅಯ್ಯ, ಹಂಗಲ್ಲವ್ವ. ನಾನ ಅವರಿಗೆ ಹೇಳಿದ್ದೆ. ಒಂದ ಬಟ್ಟಲ ಮ್ಯಾಲ ಎಷ್ಟ ಒತ್ತಾಯ ಮಾಡಿದ್ರೂ ತಗೋಬ್ಯಾಡ್ರಿ ಅಂತ. ಟ್ಯಾಕ್ಸಿಯೊಳಗ ಆಣಿ ಹಾಕಿಸ್ಕೊಂಡೇನಿ."

ಮಲ್ಲಕ್ಕನ ದುಃಖ ಒಂದೇ ಕ್ಷಣದಲ್ಲಿ ಸಿಟ್ಟಾಯಿತು. "ಯಾಕ? ನಿಮ್ಮವ್ವಗ ಖರ್ಚಾಗ್ತೈತಿ ಅಂತನಾ? ಹಡದಾಕಿ ಭಿಕಾರಿ ಅಂತ ಗಂಡಗ ತೋರಿಸ್ಬೇಕಾಗಿತ್ತೇನು? ಮೂರ ತಿಂಗಳ ಒಂದ ಕುಲ್ಫಿ ತಿಂದಿಲ್ಲ ನಾವು, ಒಂದ ಸಮುದ್ರ ನೋಡಿಲ್ಲ! ಒಂದ ಹೊತ್ತ ಅಳಿಯಗ ಹೊಟ್ಟಿ ತುಂಬ ಬಡಸೋಣಂದ್ರ ನನ್ನ ಕೈ ಕಟ್ಟಿ ಹಾಕಿದಿ!"

"ನಿನಗ ಉಳೀಲಿ ಅಂತ ಹೇಳೇನಿ!" ನಾಗರತ್ನಾಳ ದನಿಯೂ ಏರಿತು.

"ನನಗೇನ ಉಳೀಬೇಕು? ನನಗ ಶೀಕರಣಿ ಸೇರೂದಿಲ್ಲ. ಉಷ್ಣ ಆಗ್ತೈತಿ."

"ಸಣ್ಣಾಕಿ ಇದ್ದಾಗ ಅದನ್ನ ನಂಬಿದ್ದೆ ನಾನು. ಪ್ರತಿ ವರ್ಷ ನಾನು, ಅಪ್ಪ, ಊರಿಂದ ಬಂದಾವರು, ಎಲ್ಲರೂ ಉಣ್ಣಾವರು. ನೀ ಉಷ್ಣ ಉಷ್ಣ ಅಂತಿದ್ದಿ. ಒಮ್ಮೆ ನೀ ಭಾಂಡಿ ತೊಳಿಯಾಕ ಬಚ್ಚಲ ಮೋರಿಗೆ ಹೋಗಿದ್ದಿ, ನಾ ನೀರು ಕುಡಿಯಾಕ ಬಂದೆ. ರಸ ಹಿಂಡಿ ತಗದ ಗೊರಟ ಇದ್ವಲ್ಲ, ಅವನ್ನ ಒಂದೊಂದ ಚೀಪಾಕತ್ತಿದ್ದಿ. ಕಣ್ಣ ಮುಚ್ಚಿಕೊಂಡು. ಪಾತೇಲಿಗೆ ಒಂದ ಚೂರ ನೀರ ಹಾಕಿ ತೊಳದು ಅದನ್ನೂ ಕುಡದಿ." ನಾಗರತ್ನಾ ಮೂಗು ಒರೆಸಿಕೊಂಡಳು. "ಈಗ ನಾ ನಿನ್ನ ಅಳಿಯನ್ನ ಕರಕೊಂಡ ಬಂದು, ಅವರು ಪಾತೇಲಿ ಖಾಲಿ ಮಾಡಿ, ನೀ ಮತ್ತ ಗೊರಟ ಚೀಪೂದು. ಮುಝ್‌ಸೇ ನಹೀಂ ಹೋಗಾ ಅವ್ವ. ನನ್ನ ಕೈಲೆ ಆಗಂಗಿಲ್ಲ."

ಮಗಳು ಅದನ್ನು ಕಂಡದ್ದು ಮಲ್ಲಕ್ಕನಿಗೆ ಗೊತ್ತೇ ಇರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ನಾಚಿಕೆಯೋ ಸಂತೋಷವೋ ತಿಳಿಯದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಗರತ್ನಾ ಅವಳ ಹೆಗಲಿಗೆ ತಲೆ ಆನಿಸಿ ನಿಂತಳು.

ಪರದೆ ಸರಿಯಿತು. ಸುಭಾಷ ನಿಂತಿದ್ದ, ಕೈಯಲ್ಲಿ ಸೌಟು.

"ಅತ್ತಿ, ಬನ್ರಿ. ಕೂಡ್ರಿ."

"ಅಯ್ಯ ಶಿವನ! ಸೌಟ ಕೆಳಗಿಡ್ರಿ. ಅಳಿಯಂದಿರ ಮುಂದ ಅತ್ತಿ ಊಟಕ್ಕ ಕೂಡ್ತಾಳೇನು? ಕೇಳಿದಾವರು ನಗ್ತಾರ."

ಮುಂಬಯಿಯಲ್ಲೇ ಬೆಳೆದ ಸುಭಾಷ ಕನ್ನಡದ ಶಬ್ದಗಳನ್ನು ಹುಡುಕಿಕೊಂಡ. "ನೀವು ಕೂತ್ರ... ನಾನೂ ಹಾಕ್ಕೋತೀನಿ. ಹೊಟ್ಟಿ ಬಿರಿಯೋತನ. ನೀವು ಕೂಡಲಿಲ್ಲಂದ್ರ, ಅಕ್ಕನ ಮುಂದ ಹೇಳ್ತೀನಿ, ಅತ್ತಿ ಉಪವಾಸ ಕಳಿಸಿದ್ರು ಅಂತ."

ಮಾತೇ ಆಡದ ಹುಡುಗ, ಆಡಿದರೆ ಇಂಥ ಮಾತು! ನಾಗರತ್ನಾ ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. ಮಲ್ಲಕ್ಕನಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಚಾಪೆಯ ತುದಿಯಲ್ಲಿ, ಅರ್ಧ ನೆಲದ ಮೇಲೆ ಅರ್ಧ ಚಾಪೆಯ ಮೇಲೆ, ಮುದುರಿಕೊಂಡು ಕೂತಳು. ಮಗಳು ಎಲೆ ಹಾಕಿದಳು, ಅಳಿಯ ಬಟ್ಟಲು ಇಟ್ಟು ಸೌಟು ಬಗ್ಗಿಸಿದ.

"ಸಾಕ್ರಿ, ಸಾಕ್ರಿ," ಅಂತ ಅವಳು ಬಟ್ಟಲಿಗೆ ಕೈ ಅಡ್ಡ ಹಿಡಿದಳು. ಅಭ್ಯಾಸ ಎಲ್ಲಿ ಬಿಡುತ್ತದೆ. ಸುಭಾಷ ಕೇಳಲಿಲ್ಲ, ಬೆರಳ ಮೇಲೆಯೇ ಸುರಿದ. ಶೀಕರಣಿ ಕೈ ಮೇಲಿಂದ ಬಳೆಗಳ ತನಕ ಹರಿಯಿತು. ಮಲ್ಲಕ್ಕ ಗಾಬರಿಯಾಗಿ ಕೈಯನ್ನು ಬಾಯಿಗೆ ಒಯ್ದಳು, ಆಮೇಲೆ ಎಲ್ಲರೂ ನೋಡುತ್ತಿದ್ದಾರೆ ಅನ್ನುವುದನ್ನು ಮರೆತಳು. ಬೆರಳು, ಅಂಗೈ, ಮಣಿಕಟ್ಟು ನೆಕ್ಕಿ, ಬಟ್ಟಲೆತ್ತಿ ಒಂದು ಗುಟುಕು ಕುಡಿದಳು. ಎಷ್ಟು ಸಿಹಿ! ಹಣ್ಣು ಸರಿಯಾಗಿ ಮಾಗಿತ್ತು. ಮತ್ತೊಂದು ಗುಟುಕಿಗೆ ಕಣ್ಣು ತಾನಾಗಿ ಮುಚ್ಚಿತು.

ಕಣ್ಣು ತೆರೆದಾಗ ಬಟ್ಟಲು ಖಾಲಿಯಾಗಿತ್ತು, ಶಾಂತಪ್ಪ ಅವಳನ್ನೇ ನೋಡುತ್ತಿದ್ದ. ಮುಖ ಸಣ್ಣದಾಗಿತ್ತು.

"ನಿನಗ ಸೇರೂದಿಲ್ಲ ಅಂತ ನಾ ಖರೇನ ತಿಳಕೊಂಡಿದ್ದೆ," ಅಂದ. "ಇಷ್ಟ ವರ್ಷ ನಿನ್ನ ಪಾಲಿಂದೂ ನಾನ ಉಂಡೆನಲ್ಲ ಮಲ್ಲೀ."

ಹಾಗೇನಿಲ್ಲರಿ ಅನ್ನಬೇಕು ಅಂತ ಅವಳ ಬಾಯಿಯ ತನಕ ಬಂತು. ಮೂವರ ಮುಖ ನೋಡಿದಳು.

"ಸೇರತೈತ್ರಿ," ಅಂದಳು ಮಲ್ಲಕ್ಕ. "ಬಾಳ ಸೇರತೈತಿ." ಖಾಲಿ ಬಟ್ಟಲನ್ನು ತಾನಾಗಿಯೇ ಅಳಿಯನ ಮುಂದೆ ಹಿಡಿದಳು.