ಬಾಯಿ ಕಟ್ಟಿದ ಪೋರ್ಟು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಕಿಟಕಿಗಳಿಗೆ ಯಾರೋ ಹೊರಗಿನಿಂದ ಸುಣ್ಣ ಬಳಿದಂತಿತ್ತು. ಒಳಗೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಕೋಣೆಯಲ್ಲಿ ಇನ್ನೂ ದೀಪ ಆರಿಸಿರಲಿಲ್ಲ. ಉಸಿರು ಕೊಟ್ಟವನು ಅದನ್ನು ಅಳೆದೇ ಕೊಟ್ಟಿರುತ್ತಾನೆ ಅನ್ನುತ್ತಾರೆ ಹಿರಿಯರು. ಈ ಕೋಣೆಯಲ್ಲಿ ಆ ಅಳತೆ ಕಣ್ಣಿಗೇ ಕಾಣುತ್ತಿತ್ತು.

ಇಲ್ಲಿನ ನರ್ಸ್ ಕಿಟಕಿ ಪಕ್ಕದ ತೊಟ್ಟಿಲು ಬಿಟ್ಟು ಕದಲಿರಲಿಲ್ಲ. ಅದರಲ್ಲಿದ್ದ ಹೆಣ್ಣುಕೂಸು ಆಗಾಗ ಉಸಿರಾಡುವುದನ್ನೇ ಮರೆಯುತ್ತಿತ್ತು. ಅದು ಮರೆತಾಗ ಕೂಗಿ ಎಚ್ಚರಿಸುವ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿನದು. ಎಲ್ಲ ತೊಟ್ಟಿಲುಗಳ ಸುದ್ದಿ ಒಂದೇ ವೈರಿನಲ್ಲಿ ಬಂದು ಅದರ ಸೀರಿಯಲ್ ಪೋರ್ಟು ಎಂಬ ಕಿಂಡಿಗೆ ಸೇರುತ್ತಿತ್ತು. ತೊಟ್ಟಿಲುಗಳಿಗೆ ಸ್ವಂತ ದನಿ ಇರಲಿಲ್ಲ.

ನಿನ್ನೆ ಆ ಕಂಪ್ಯೂಟರ್ ಕೂಗಲಿಲ್ಲ. ಪರದೆಯ ಮೇಲೆ ಅಂಕಿಗಳೆಲ್ಲ ಚೆನ್ನಾಗಿಯೇ ಇದ್ದವು, ನಿಂತ ಗಡಿಯಾರದಲ್ಲಿ ಮುಳ್ಳುಗಳು ಚೆನ್ನಾಗಿರುವ ಹಾಗೆ. ನರ್ಸ್ ಹೊದಿಕೆ ಸರಿಮಾಡಲು ಬಗ್ಗದಿದ್ದರೆ ಕೂಸಿನ ನೀಲಿಗಟ್ಟಿದ ತುಟಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಯಂತ್ರವನ್ನು ಸಿದ್ಧಮಾಡಿದವನು ಅವಳ ಗಂಡನ ತಮ್ಮ. ಬೆಳಕು ಹರಿಯುತ್ತಲೇ ಬಂದು ಮೇಜಿನ ಮುಂದೆ ಕೂತಿದ್ದ.

"ಗಂಟೆ ಎಲ್ಲಿ?" ಅಂದಳು ಅತ್ತಿಗೆ, ತೊಟ್ಟಿಲಿನಿಂದ ಕಣ್ಣು ತೆಗೆಯದೆ.

ಮೊದಲು ಈ ಕೋಣೆಯಲ್ಲಿ ಒಂದು ಹಿತ್ತಾಳೆಯ ಕೈಗಂಟೆ ಇತ್ತು. ಕೂಸಿಗೆ ಕಷ್ಟವಾದರೆ ಅದನ್ನು ಬಾರಿಸಿ ಡಾಕ್ಟರನ್ನು ಕರೆಯುತ್ತಿದ್ದರು. ಕಂಪ್ಯೂಟರ್ ಕೂಡಿಸಿದ ದಿನ ಮೈದುನ ಅದನ್ನು ಚೀಲಕ್ಕೆ ಹಾಕಿಕೊಂಡಿದ್ದ: "ಇನ್ನು ಇದು ನನ್ನ ಮೇಜಿನ ಮೇಲಿರಲಿ. ನನ್ನ ಯಂತ್ರ ಸೋತ ದಿನ ತಂದುಕೊಡ್ತೀನಿ."

"ಇನ್ನೂ ಸೋತಿಲ್ಲ, ಅತ್ತಿಗೆ."

"ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ನಿಮ್ಮಣ್ಣನಿಗೂ ಇದೇ ರೋಗ."

"ಅಣ್ಣನಿಗೆ ಮೀಸೇನೇ ಇಲ್ವಲ್ಲ!"

"ಹಾಸ್ಯ ಆಮೇಲೆ ಮಾಡುವೆಯಂತೆ. ಮೊದಲು ಅದರ ಬಾಯಿ ಬಿಡಿಸು."

ಯಂತ್ರದ ಒಳಮನೆಗೆ ಕರ್ನಲ್ ಎಂದು ಹೆಸರು. ಅಲ್ಲಿ ಒಂದೊಂದು ಬಾಗಿಲಿಗೆ ಒಬ್ಬೊಬ್ಬ ಕಾವಲುಗಾರ. ಅವನಿಗೆ ಡ್ರೈವರ್ ಅನ್ನುತ್ತಾರೆ. ಪೋರ್ಟಿನ ಕಾವಲುಗಾರ ಸುದ್ದಿ ಎಣಿಸಿಕೊಳ್ಳುವಾಗ ಬಾಗಿಲಿಗೆ ಬೀಗ ಹಾಕುತ್ತಾನೆ, ಮುಗಿದ ಮೇಲೆ ತೆಗೆಯುತ್ತಾನೆ. ಅದರ ನಡುವೆ ಎಲ್ಲೋ ಅವನು ಕಲ್ಲಾಗುತ್ತಿದ್ದ. ಎಲ್ಲಿ ಎಂದು ತಿಳಿಯಲು ಮೈದುನ ಅವನ ಹೆಜ್ಜೆಹೆಜ್ಜೆಗೂ 'ಇಲ್ಲಿಗೆ ಬಂದೆ' ಎಂದು ಹೊರಗೆ ವರದಿ ಮಾಡುವ ಒಂದೊಂದು ಸಾಲನ್ನು ಡ್ರೈವರಿನ ಪ್ರೋಗ್ರಾಮಿಗೆ ಸೇರಿಸಿದ.

"ಅತ್ತಿಗೆ, ಯಂತ್ರ ಆರಿಸಿ ಎಬ್ಬಿಸ್ತೀನಿ. ಅಲ್ಲಿವರೆಗೆ ಪರದೆ ಕುರುಡು. ನಿಮ್ಮ ಕಣ್ಣೇ ಗತಿ."

"ನಿನ್ನೆಯಿಂದ ಅದೇ ಗತಿ ಕಣಪ್ಪ."

ಯಂತ್ರ ಎದ್ದಿತು. ಮೊದಲ ಸುದ್ದಿ ಬಂದದ್ದೇ ತಡ, ನಿಂತುಬಿಟ್ಟಿತು. 'ಇಲ್ಲಿಗೆ ಬಂದೆ' ಎಂಬ ಒಂದು ಮಾತೂ ಹೊರಬರಲಿಲ್ಲ. ಇನ್ನಷ್ಟು ಸಾಲು ಸೇರಿಸಿ ಮತ್ತೆ ಎಬ್ಬಿಸಿದ. ಮತ್ತೆ ಅದೇ ಮೌನ. ನಿನ್ನೆ ಎಲ್ಲೋ ಒಮ್ಮೆ ಮುಗ್ಗರಿಸಿದ್ದು ಈಗ ಹೊಸಿಲಲ್ಲೇ ಮಗುಚುತ್ತಿತ್ತು.

"ಮದ್ದು ಹಾಕ್ತೀನಿ ಅಂತ ಬಂದು ರೋಗ ಜಾಸ್ತಿ ಮಾಡ್ತಿದ್ದೀಯಲ್ಲೋ!"

ಮೈದುನನ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ತಾನು ಹಾಕಿದ್ದಾದರೂ ಏನು? ಬರೀ ಮಾತು. ಆ ಮಾತು ಹೊರಗೆ ಹೋಗುವುದು ಯಾವ ದಾರಿಯಲ್ಲಿ? ಅದೇ ಪೋರ್ಟಿನಲ್ಲಿ! ಯಂತ್ರ ಕಟ್ಟುವ ಕಾಲದಲ್ಲಿ ಅನುಕೂಲಕ್ಕೆಂದು ಹಾಗೆ ಇಟ್ಟುಕೊಂಡಿದ್ದ, ತೆಗೆಯುವುದನ್ನು ಮರೆತಿದ್ದ. ಕಾವಲುಗಾರ ಬಾಗಿಲಿಗೆ ಬೀಗ ಹಾಕಿ, ವರದಿ ಹೇಳಲು ಅದೇ ಬಾಗಿಲಿಗೆ ಬರುತ್ತಾನೆ. ಬೀಗ ಹಾಕಿದೆ, ಯಾರಾದರೂ ತೆಗೆಯಲಿ ಎಂದು ಕಾಯುತ್ತಾನೆ. ಬೀಗದಕೈ ಇರುವುದು ಅವನದೇ ಸೊಂಟದಲ್ಲಿ. ಹೀಗೆ ಯುಗ ಕಳೆದರೂ ಅವನು ಕಾಯುತ್ತಲೇ ಇರುತ್ತಾನೆ.

ಆದರೆ ನಿನ್ನೆ ಈ ಸಾಲುಗಳು ಇರಲಿಲ್ಲವಲ್ಲ? ಹುಡುಕಿದ. ಹಳೆಯದೊಂದು ಸಿಕ್ಕಿತು: ವೈರಿನಲ್ಲಿ ಬೇರೆ ವಿದ್ಯುತ್ತಿನ ಗದ್ದಲ ಸೇರಿ ಸುದ್ದಿಯ ಅಕ್ಷರ ಕೆಟ್ಟರೆ ಮಾತ್ರ ದೂರು ಹೇಳುವ ಸಾಲು.

"ಅತ್ತಿಗೆ, ನಿನ್ನೆ ಇದು ನಿಲ್ಲೋ ಮುಂಚೆ ಏನಾದ್ರೂ ಹಚ್ಚಿದ್ರಾ?"

"ಈ ಪಕ್ಕದ ಕೂಸಿಗೆ ಕಫ ಎಳೆಯೋ ಮೋಟರು."

ಮೋಟರಿನ ತಂತಿ ತೊಟ್ಟಿಲುಗಳ ಸುದ್ದಿ ತರುವ ವೈರಿಗೆ ಅಂಟಿಕೊಂಡೇ ಓಡುತ್ತಿತ್ತು. ಅಂದರೆ ಒಂದು ಕೂಸಿಗೆ ಕಷ್ಟ ಬಂದು ಮೋಟರು ಹಚ್ಚಿದ ಗಳಿಗೆಯಲ್ಲೇ, ಉಳಿದ ಕೂಸುಗಳೆಲ್ಲ ಮೂಕವಾಗುತ್ತವೆ.

ಸೇರಿಸಿದ ಸಾಲುಗಳನ್ನೆಲ್ಲ ಅಳಿಸಿದ. ದೂರನ್ನು ಮನಸ್ಸಿನಲ್ಲಿಟ್ಟುಕೋ, ಬೀಗ ತೆಗೆದ ಮೇಲೆ ಹೇಳು ಎಂದು ಡ್ರೈವರನ್ನು ತಿದ್ದಿದ. ಹೇಳುವ ದಾರಿಯನ್ನೂ ಪೋರ್ಟಿನಿಂದ ಬೇರೆ ಕಡೆಗೆ ತಿರುಗಿಸಿದ. ಯಂತ್ರ ಆರಿತು, ಮೆಲ್ಲಗೆ ಏಳತೊಡಗಿತು. 'ದೇವರೇ' ಎಂದದ್ದು ಅವನ ತುಟಿಯೇ ಹೊರತು ದನಿಯಲ್ಲ.

ಅಂಕಿಗಳು ಮೂಡಿದವು. ಅಷ್ಟರಲ್ಲಿ ಪಕ್ಕದ ತೊಟ್ಟಿಲಿನ ಕೂಸು ಗೊರಗೊರ ಎಂದಿತು.

"ಇದಕ್ಕೆ ಕಫ ಕಟ್ತು," ಅಂದಳು ಅತ್ತಿಗೆ. ಕಾಯುವಂತಿರಲಿಲ್ಲ. ಕಿಟಕಿಯ ಕೂಸಿಗೆ ಬೆನ್ನು ತಿರುಗಿಸಿ ಮೋಟರು ಹಚ್ಚಿದಳು.

ಕೋಣೆಯ ತುಂಬ ಗುರ್ರೆಂಬ ಸದ್ದು. ಮೈದುನ ರೆಪ್ಪೆ ಬಡಿಯದೆ ಪರದೆ ನೋಡಿದ. ಅಂಕಿಗಳು ನಿಂತವೋ? ಇಲ್ಲ, ಒಂದು ಕದಲಿತು. ಇನ್ನೊಂದು ಇಳಿಯಿತು, ಮತ್ತೂ ಇಳಿಯಿತು.

ಯಂತ್ರ ಚೀರಿತು.

"ಅತ್ತಿಗೆ, ಕಿಟಕಿ!"

ಅವಳು ಕಫ ಎಳೆಯುವ ನಳಿಕೆ ಬಿಟ್ಟು ಹೊರಳಿದವಳೇ ಕೂಸಿನ ಅಂಗಾಲನ್ನು ಬೆರಳಿಂದ ತಟ್ಟಿದಳು. ಮತ್ತೆ ತಟ್ಟಿದಳು. ಎದೆ ಏಳಲಿಲ್ಲ. ಬೆನ್ನು ಸವರಿ, "ಏಳೇ ತಾಯಿ, ಏಳೇ ನನ್ನವ್ವ" ಅಂದಳು. ಎದೆ ಒಮ್ಮೆ ನಡುಗಿತು, ಉಬ್ಬಿತು. ಕೂಸು ಬೆಕ್ಕಿನ ಮರಿಯಂತೆ ಅತ್ತಿತು. ಅತ್ತಿಗೆ ಪಕ್ಕದ ಕೂಸಿನ ಕಫ ಎಳೆದು ಮುಗಿಸಿ, ಮೋಟರು ಆರಿಸಿ, ಸ್ಟೂಲಿನ ಮೇಲೆ ಕುಸಿದಳು.

"ಕೂಗಿತಲ್ಲೋ," ಅಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

"ಕೂಗಿತು."

ಕಿಟಕಿಯ ಹೊರಗೆ ಮಂಜು ತೆಳುವಾಗಿ ಎದುರಿನ ಗೋಡೆ ಕಾಣತೊಡಗಿತ್ತು. ಮೈದುನ ಎದ್ದು, ಬೆಳಗಿನಿಂದ ಕಾಲ ಬಳಿಯೇ ಇದ್ದ ಚೀಲದೊಳಗೆ ಕೈಹಾಕಿದ. ಹಿತ್ತಾಳೆಯ ಗಂಟೆ ಹೊರಬಂತು. ಮಲಗಿದ ಕೂಸುಗಳು ಬೆಚ್ಚದಿರಲೆಂದು ಅದರ ನಾಲಿಗೆಗೆ ತನ್ನ ಕರವಸ್ತ್ರ ಸುತ್ತಿದ್ದ. "ನಿನ್ನೆ ಸೋತಿತ್ತು," ಅಂದ. ಅತ್ತಿಗೆ ಕೈ ಚಾಚಿದಳು. ಅವನು ಅದನ್ನು ಸದ್ದಾಗದಂತೆ ಅವಳ ಅಂಗೈಯಲ್ಲಿಟ್ಟ.