ಬಿ ಗುಂಪಿನ ಡ್ರೈವರ್

“ಎಡಗೈ ಬೇಡ, ಬಲಗೈಗೆ ಹಾಕಿ,” ಎಂದು ಅವಳು ಕುರ್ಚಿಯಲ್ಲಿ ಮಗ್ಗುಲು ತಿರುಗಿ ಕೂತಳು.

“ಎಲ್ರೂ ಎಡಗೈ ಕೊಡ್ತಾರಲ್ಲಮ್ಮಾ,” ಎಂದಳು ನರ್ಸು.

“ನಾಳೆ ಗೇರ್ ಹಾಕೋ ಕೈ ಅದು. ನೋಯ್ತಾ ಇದ್ರೆ ಆಗಲ್ಲ.”

ಬಸ್ ಡಿಪೋದ ಊಟದ ಕೋಣೆಯಲ್ಲಿ ಲಸಿಕೆಯ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಬಸ್ಸು ತೊಳೆದೂ ತೊಳೆದೂ ಅವಳಿಗೆ ಬಕೆಟ್ ಅಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ತೊಳೆದ ಬಸ್ಸನ್ನು ಶೆಡ್ಡಿಗೆ ಸೇರಿಸುವ ನೆಪದಲ್ಲಿ ಓಡಿಸಲು ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ನಾಳೆ ಡ್ರೈವರ್ ಹುದ್ದೆಗೆ ಪರೀಕ್ಷೆ. ಇದು ಕೈತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಅವಳ ವಯಸ್ಸು ಮೀರಿರುತ್ತಿತ್ತು. ಲಸಿಕೆ ಹಾಕಿಸಿಕೊಳ್ಳದವರು ಸ್ಟೀರಿಂಗ್ ಮುಟ್ಟುವಂತಿಲ್ಲ ಎಂದು ಮೇಲಿನವರು ಹೇಳಿದ್ದು ಇವತ್ತು ಬೆಳಿಗ್ಗೆ.

ಹಿಂದೆಯೇ ನಿಂತಿದ್ದ ಮೆಕ್ಯಾನಿಕ್ ಗ್ರೀಸಣ್ಣ ಆಗಿನಿಂದ ಒಂದೇ ರಾಗ ಎಳೆಯುತ್ತಿದ್ದ. “ರಕ್ತನೂ ಎಂಜಿನ್ ಆಯಿಲ್ ಇದ್ದ ಹಾಗೆ. ಒಂದೊಂದು ಗುಂಪು ಒಂದೊಂದು ಗ್ರೇಡು. ನಂದು ಓ, ಎಷ್ಟು ಕಾದ್ರೂ ತಡ್ಕೊಳ್ಳುತ್ತೆ. ನಿಂದು ಬಿ ಅಲ್ವೇನಮ್ಮಾ? ತೀರಾ ತೆಳು. ರಾತ್ರಿಗೆ ಕುದಿಯೋಕೆ ಶುರುವಾಗುತ್ತೆ, ನೋಡ್ತಿರು. ನಮ್ಮ ಕಂಡಕ್ಟರೂ ಬಿ. ಮೊನ್ನೆ ಹಾಕಿಸ್ಕೊಂಡು ಮಲಗಿದೋನು ಇನ್ನೂ ಎದ್ದಿಲ್ಲ.”

“ಅವನು ಜ್ವರ ಇಲ್ದೇನೂ ಮಲಗ್ತಾನೆ,” ಎಂದಳು. ಸಾಲಿಗೆ ಸಾಲೇ ನಕ್ಕಿತು. ಆದರೆ ಅವಳ ಎದೆಯಲ್ಲಿ ಅಳುಕು ಕೂತುಬಿಟ್ಟಿತು. ಗ್ರೀಸಣ್ಣ ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುವವನು; ಅವನ ಮಾತನ್ನು ಡಿಪೋದಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

“ಹೌದಾ ನರ್ಸಮ್ಮಾ?”

“ಗುಂಪು ನೋಡ್ಕೊಂಡು ಜ್ವರ ಬಂದಿದ್ದನ್ನ ನಾನಂತೂ ಕಂಡಿಲ್ಲ. ಕೆಲವರಿಗೆ ಬರುತ್ತೆ, ಕೆಲವರಿಗಿಲ್ಲ. ಬಂದ್ರೆ ಮಾತ್ರೆ ನುಂಗಿ ಮಲಗಿ, ಬಸ್ ಹತ್ತಿರ ಮಾತ್ರ ಹೋಗ್ಬೇಡಿ.” ಸೂಜಿ ಆಗಲೇ ಹೊರಗೆ ಬಂದಿತ್ತು.

ಸಂಜೆ ಮಗಳು ಮತ್ತೆ ಮತ್ತೆ ಬಂದು ಅವಳ ಹಣೆ ಮುಟ್ಟಿದಳು. “ಅಮ್ಮಾ, ಸುಡ್ತಿದೆ.”

“ಸುಡ್ತಿರೋದು ನಿನ್ನ ಕೈ ಕಣೇ. ಒಲೆ ಮುಂದಿಂದ ಎದ್ದು ಬಂದು ಮುಟ್ಟಿದ್ರೆ ಇನ್ನೇನಾಗುತ್ತೆ?”

ಹಾಗೆಂದು ಮಗಳನ್ನು ಗದರಿದರೂ, ಮಗಳು ಅತ್ತ ಹೋದಾಗ ತಾನೇ ಹಣೆ ಮುಟ್ಟಿ ನೋಡಿಕೊಂಡಳು.

ಬೆಳಿಗ್ಗೆ ಬಲತೋಳು ಮರದ ತುಂಡಿನಂತಾಗಿತ್ತು. ಹಣೆ ಮಾತ್ರ ತಣ್ಣಗಿತ್ತು.

ಡಿಪೋದ ಅಂಗಳದಲ್ಲಿ ಡ್ರಮ್ಮುಗಳನ್ನು ಎರಡು ಸಾಲಾಗಿ ನಿಲ್ಲಿಸಿದ್ದರು. ಪರೀಕ್ಷೆ ಮಾಡುವ ಹಿರಿಯ ಡ್ರೈವರ್ ಒಂದು ಸ್ಟೀಲ್ ಲೋಟದ ತುಂಬ ನೀರು ತಂದು ಬಸ್ಸಿನೊಳಗೆ ಮುಂಗಾಜಿನ ಕೆಳಗಿಟ್ಟರು. ಇಲ್ಲಿಯ ಹಳೆಯ ಪದ್ಧತಿ ಅದು: ನೀರು ಚೆಲ್ಲಿತೋ, ಅಲ್ಲಿಗೆ ಇಳಿದು ಹೋಗಬೇಕು. ಅವಳು ಗೇರ್ ಹಾಕಿದಳು. ಎಡಗೈ ಹೇಳಿದಂತೆ ಕೇಳಿತು. ಸ್ಟೀರಿಂಗ್ ಪೂರ್ತಿ ತಿರುಗಿಸುವಾಗಲೆಲ್ಲ ಬಲತೋಳಿನಿಂದ ಕಿವಿಯವರೆಗೂ ಚಳಕು ಹೊಡೆಯಿತು. ಹಲ್ಲು ಕಚ್ಚಿ, ಕನ್ನಡಿ ನೋಡುತ್ತ, ಇಡೀ ಬಸ್ಸನ್ನು ಹಿಂದಕ್ಕೆ ತಂದು ಡ್ರಮ್ಮುಗಳ ನಡುವೆ ನಿಲ್ಲಿಸಿದಳು. ಲೋಟದ ನೀರು ಅಂಚಿನವರೆಗೆ ಬಂದು, ನಡುಗಿ, ಸುಮ್ಮನಾಯಿತು.

ಹಿರಿಯ ಡ್ರೈವರ್ ಆ ನೀರನ್ನು ಗಟಗಟ ಕುಡಿದರು.

ಅಷ್ಟರಲ್ಲಿ ವರ್ಕ್‌ಶಾಪಿನಿಂದ ಕೂಗು ಕೇಳಿಸಿತು. ಹಳೆಯ ಟೈರುಗಳ ಮೇಲೆ ಗ್ರೀಸಣ್ಣ ಸೀಟಿನ ಕವರು ಹೊದ್ದು ಮುದುಡಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು. ಇಬ್ಬರು ಅವನನ್ನು ಹಿಡಿದುಕೊಂಡು ಬಂದರು.

“ಏನಣ್ಣಾ ಇದು, ಓ ಗ್ರೇಡು ಇಷ್ಟು ಕಾದುಬಿಟ್ಟಿದೆ?”

“ಸುಮ್ನಿರಮ್ಮಾ,” ಎಂದ ಕಣ್ಣು ಮುಚ್ಚಿಕೊಂಡೇ. “ಗ್ರೇಡು ಸರಿಯಾಗೇ ಇದೆ. ಆಯಿಲ್ ಹಳೇದಾಗಿದೆ.”

ಹಿರಿಯ ಡ್ರೈವರ್ ನಕ್ಕರು. “ರಸ್ತೆ ಪರೀಕ್ಷೆ ಬಾಕಿ ಇದೆಯಲ್ಲ, ಇವನನ್ನೇ ಮನೆಗೆ ಬಿಟ್ಟು ಬರೋಣ ನಡಿ.”

ಲೋಟ ಡಿಪೋದಲ್ಲೇ ಉಳಿಯಿತು. ಹಿಂದಿನ ಉದ್ದ ಸೀಟಿನಲ್ಲಿ ಗ್ರೀಸಣ್ಣ ಮಲಗಿದ. ಸಂತೆಬೀದಿಯ ಗುಂಡಿಗಳು, ಶಾಲೆಯ ಮುಂದಿನ ಉಬ್ಬು, ಅಡ್ಡ ಬಂದ ಸೈಕಲ್ಲು; ಎಲ್ಲವನ್ನೂ ಅವಳು ಮೊದಲೇ ಕಂಡು, ಮೊದಲೇ ನಿಧಾನಿಸಿ, ನಯವಾಗಿ ದಾಟಿಸಿದಳು. ತೋಳಿನ ನೋವು ಯಾವ ತಿರುವಿನಲ್ಲಿ ಮರೆತುಹೋಯಿತೋ ಅವಳಿಗೇ ತಿಳಿಯಲಿಲ್ಲ.

“ನಾಳೆ ಬರುವಾಗ ಆ ಬಕೆಟ್ ಬೇರೆ ಯಾರಿಗಾದ್ರೂ ಕೊಟ್ಟು ಬಾ,” ಎಂದರು ಹಿರಿಯ ಡ್ರೈವರ್, ರಸ್ತೆಯನ್ನೇ ನೋಡುತ್ತ.

ಗ್ರೀಸಣ್ಣನ ಮನೆಯ ಮುಂದೆ ಬಸ್ಸು ನಿಂತಿತು. ಅವನ ಹೆಂಡತಿ ಗೇಟು ತೆಗೆದು ಕಾಯುತ್ತಿದ್ದಳು. ಸ್ಟೀರಿಂಗ್ ಹಿಡಿದಿದ್ದವಳು ಹಾರನ್ ಒತ್ತಲಿಲ್ಲ. ಕನ್ನಡಿಯಲ್ಲಿ ನೋಡಿದಳು: ಗ್ರೀಸಣ್ಣ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಡಿಪೋದಲ್ಲಿ ಹೊದ್ದಿದ್ದ ಸೀಟಿನ ಕವರು ಅವನ ಭುಜದಿಂದ ಒಂದಿಷ್ಟೂ ಜಾರಿರಲಿಲ್ಲ.